ಹಳೆಯ ಎಕ್ಸ್‌04 ಮೋಟರಿಗೆ ಡಿಸಿಸಿ ಕೂರಿಸಿದ್ದು: ನನ್ನ ಅನುಭವ

ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವುದು ನನ್ನ ಕಸುಬು. ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟು 26 ವರ್ಷವಾಯಿತು. ಸುಟ್ಟ ಮೋಟರನ್ನು ನೋಡಿ ‘ಇದು ಆಗುವುದಿಲ್ಲ, ಗುಜರಿಗೆ ಹಾಕಿ’ ಎಂದು ಯಾರಾದರೂ ಹೇಳಿದರೆ ಆ ರಾತ್ರಿ ನನಗೆ ಊಟ ಸೇರುವುದಿಲ್ಲ. ನನ್ನ ಹವ್ಯಾಸ ಮಾದರಿ ರೈಲು. ಟ್ರೈ-ಆಂಗ್ ಹಾರ್ನ್‌ಬಿ ಕಂಪನಿಯ ಆರು ಚಕ್ರದ ಹಳೆಯ ಮಾದರಿ ಟ್ಯಾಂಕ್ ಎಂಜಿನ್ (ನೀರಿನ ಟ್ಯಾಂಕನ್ನು ಮೈಮೇಲೇ ಹೊತ್ತ ಉಗಿ ಎಂಜಿನಿನ ಮಾದರಿ) ವಿಷಯದಲ್ಲಿ ಇದನ್ನೇ ನಾಲ್ಕು ಜನ ಹೇಳಿದರು. ಅವರಲ್ಲಿ ಬೆಂಗಳೂರಿನ ಗೆಳೆಯರೊಬ್ಬರು, ‘ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಹೊಸದು ಕೊಳ್ಳಿ, ಎಕ್ಸ್‌04 ಮೋಟರು ಡಿಕೋಡರ್ ತಿನ್ನುತ್ತದೆ’ ಎಂದಿದ್ದರು. ಎಕ್ಸ್‌04 ಎಂದರೆ ಆ ಎಂಜಿನಿನೊಳಗಿನ ಮೋಟರು. ಡಿಸಿಸಿ ಎಂದರೆ ಹಳಿಯ ಮೂಲಕವೇ ಒಂದೊಂದು ಎಂಜಿನಿಗೂ ಬೇರೆ ಬೇರೆ ಡಿಜಿಟಲ್ ಅಪ್ಪಣೆ ಕಳಿಸುವ ಪದ್ಧತಿ, ಡಿಕೋಡರ್ ಎಂದರೆ ಎಂಜಿನಿನೊಳಗೆ ಕುಳಿತು ಆ ಅಪ್ಪಣೆ ಓದಿ ಮೋಟರು ಓಡಿಸುವ ಪುಟ್ಟ ಸರ್ಕ್ಯೂಟ್. ಹೋದ ತಿಂಗಳು ಅವರೇ ಮನೆಗೆ ಬಂದು, ಅದೇ ಎಂಜಿನ್ ಐದು ಬೋಗಿ ಎಳೆದುಕೊಂಡು ನಲವತ್ತು ನಿಮಿಷ ನಿಲ್ಲದೆ ಓಡಿದ್ದನ್ನು ಕಂಡು, ‘ಹೇಗೆ ಮಾಡಿದಿರಿ, ಬರೆದು ಕೊಡಿ’ ಎಂದರು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೋಟರು ಡಿಕೋಡರ್ ತಿನ್ನುತ್ತದೆ ಎಂಬುದು ಸುಳ್ಳಲ್ಲ. ನನ್ನವು ಎರಡು ಹೋದವು.

ಮೊದಲನೆಯದು ನನ್ನ ಅವಸರಕ್ಕೆ ಬಲಿ. ಎಕ್ಸ್‌04ರಲ್ಲಿ ಒಂದು ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಚಾಸಿಗೇ, ಅಂದರೆ ಲೋಹದ ಚೌಕಟ್ಟಿಗೇ, ಅಂಟಿಕೊಂಡಿರುತ್ತದೆ. ಚಾಸಿಯಲ್ಲಿ ಹಳಿಯ ಕರೆಂಟು ಇರುವುದರಿಂದ, ಹಾಗೇ ಬಿಟ್ಟರೆ ಅದು ಡಿಕೋಡರಿಗೆ ನೇರ ನುಗ್ಗಿ ಸುಡುತ್ತದೆ. ಬ್ರಷ್ ಸ್ಪ್ರಿಂಗಿನ ಒಂದು ಕಾಲಿಗೆ ಕರೆಂಟು ತಡೆಯುವ ಸ್ಲೀವ್ ಇರುತ್ತದೆ, ಇನ್ನೊಂದು ಬೋಳು. ಬೋಳು ಕಾಲಿಗೂ ಸ್ಲೀವ್ ಹಾಕಿ, ಆ ಬ್ರಷ್‌ಗೆ ಬೇರೆ ತಂತಿ ಬೆಸೆದು, ಡಿಕೋಡರಿನ ಕಿತ್ತಳೆ ಮತ್ತು ಬೂದು ತಂತಿಗಳನ್ನು ಜೋಡಿಸಿದೆ. ಅಂಗಡಿಯಲ್ಲಿದ್ದ ತೆಳು ಸ್ಲೀವನ್ನೇ ಹಾಕಿದ್ದೆ. ಸ್ಪ್ರಿಂಗಿನ ತುದಿ ಅದನ್ನು ಕೊರೆದು ಹೊರಗೆ ಬಂದಿತ್ತು. ಹಳಿಯ ಮೇಲಿಟ್ಟೊಡನೆ ಚಿಮಣಿಯಿಂದ ನಿಜವಾದ ಹೊಗೆಯೇ ಬಂದಿತು. ಮಗಳು ಚಪ್ಪಾಳೆ ತಟ್ಟಿದಳು. ಹೋದದ್ದು ಸುಮಾರು 3,200 ರೂಪಾಯಿ. ಹತ್ತು ಎಚ್‌ಪಿ ಮೋಟರನ್ನು ಮೆಗ್ಗರ್ (ಕರೆಂಟು ಸೋರುತ್ತದೆಯೇ ಎಂದು ನೋಡುವ ಮೀಟರ್) ಹಚ್ಚದೆ ಗಿರಾಕಿಗೆ ಕೊಡದ ನಾನು, ಬೆರಳುದ್ದದ ಮೋಟರಿಗೆ ಮಲ್ಟಿಮೀಟರ್ ಕೂಡ ಹಿಡಿದಿರಲಿಲ್ಲ.

ಎರಡನೆಯ ಬಾರಿ ಸ್ಲೀವ್ ಗಟ್ಟಿಯಾಗಿತ್ತು, ಮೀಟರಿನಲ್ಲಿ ಚಾಸಿಗೂ ಬ್ರಷ್‌ಗೂ ಸಂಬಂಧವೇ ಇರಲಿಲ್ಲ. ಎರಡು ದಿನ ಚೆನ್ನಾಗಿ ಓಡಿತು. ಮೂರನೆಯ ದಿನ ಪಾಯಿಂಟಿನ (ಹಳಿ ಕವಲೊಡೆಯುವ ಜಾಗದ) ಮೇಲೆ ಚಕ್ರ ಸಿಕ್ಕಿಕೊಂಡು ಮೋಟರು ಗಕ್ಕನೆ ನಿಂತಿತು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಬಂದು ನೋಡುವಷ್ಟರಲ್ಲಿ ಡಿಕೋಡರಿಗೆ ಸುತ್ತಿದ್ದ ಕಪ್ಪು ಟೇಪಿನ ಅಂಟು ಕರಗಿ ಇಳಿದಿತ್ತು. ಟೇಪ್ ಸುತ್ತಿದ್ದು ಇನ್ನೊಂದು ಮೂರ್ಖತನ, ಬಿಸಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಆಮೇಲೆ ಚಕ್ರವನ್ನು ಬೆರಳಿನಿಂದ ಹಿಡಿದು 12 ವೋಲ್ಟಿನಲ್ಲಿ ಅಳೆದೆ. ಒಂದೂವರೆ ಆಂಪಿಯರ್! ಡಿಕೋಡರಿನ ತಾಕತ್ತು ಒಂದು ಆಂಪಿಯರ್. ಅಳೆಯುವುದು ಮೊದಲು, ಕೊಳ್ಳುವುದು ಆಮೇಲೆ ಎಂದು ಗಿರಾಕಿಗಳಿಗೆ ದಿನವೂ ಹೇಳುವವನು ನಾನು.

ಆಗ ನಮ್ಮ ಮಾದರಿ ರೈಲಿನವರ ಗುಂಪಿನಲ್ಲಿ ನಗೆಪಾಟಲಾದೆ. ಹೆಚ್ಚು ತಾಕತ್ತಿನ ಡಿಕೋಡರ್ ಹಾಕಿ ಎಂದು ಕೆಲವರು, ಮೋಟರನ್ನೇ ಬದಲಿಸಿ ಎಂದು ಉಳಿದವರು. ದೊಡ್ಡ ಡಿಕೋಡರಿಗೆ ಆ ಪುಟ್ಟ ಟ್ಯಾಂಕಿನೊಳಗೆ ಜಾಗವಿಲ್ಲ. ಮೋಟರು ಬದಲಿಸಿದರೆ ಆ ಎಂಜಿನಿನದೆಂದು ಉಳಿಯುವುದು ಪ್ಲಾಸ್ಟಿಕ್ ಅಂಗಿ ಮಾತ್ರ. ನನಗೆ ಹೊಳೆದದ್ದು ನಮ್ಮ ಅಂಗಡಿಯ ದಾರಿ. ನಿಂತ ಮೋಟರು ಎಳೆಯುವ ಕರೆಂಟನ್ನು ತೀರ್ಮಾನಿಸುವುದು ಸುರುಳಿಯ ಓಮ್, ಅಂದರೆ ಅದು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದು. ಓಮ್ ಏರಿಸಿದರೆ ಕರೆಂಟು ಇಳಿಯಲೇಬೇಕು. ಆರ್ಮೇಚರನ್ನು (ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗವನ್ನು) ತೆಳು ತಂತಿಯಲ್ಲಿ ಹೊಸದಾಗಿ ಸುತ್ತಿದರಾಯಿತು.

ಹೇಳಿದಷ್ಟು ಸುಲಭವಾಗಲಿಲ್ಲ. ಅಂಗಡಿಯ ಸುತ್ತುವ ಯಂತ್ರಕ್ಕೆ ಇಷ್ಟು ಸಣ್ಣದನ್ನು ಹಿಡಿಯಲು ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಕೈಯಲ್ಲೇ ಸುತ್ತುತ್ತಾ, ಪ್ರತಿ ಹತ್ತು ಸುತ್ತಿಗೊಂದು ಜೋಳದ ಕಾಳನ್ನು ತಟ್ಟೆಯಲ್ಲಿ ಹಾಕುತ್ತಾ ಹೋದೆ. ಆರ್ಮೇಚರಿಗೆ ತಂತಿ ಸುತ್ತುವ ಮೂರು ತೋಳುಗಳಿರುತ್ತವೆ, ಅವೇ ಪೋಲ್. ಎರಡನೆಯ ಪೋಲ್ ಅರ್ಧ ಆಗಿರುವಾಗ ನವಲಗುಂದದ ಗಿರಾಕಿಯ ಫೋನ್ ಬಂದಿತು. ಮಾತಾಡುತ್ತಾ ಕಾಳು ಹಾಕಿದೆನೋ ಇಲ್ಲವೋ ಮರೆತೆ. ಮೂರು ಪೋಲ್‌ಗಳ ಸುತ್ತು ಸಮ ಬರಲಿಲ್ಲ, ಎಂಜಿನ್ ಕುಂಟುತ್ತಾ ಓಡಿತು. ‘ಪಂಪು ಸುತ್ತಲು ಎರಡು ತಾಸು ಸಾಕು, ಈ ಗೊಂಬೆಗೆ ಎರಡು ರಾತ್ರಿಯೇ?’ ಎಂದಳು ಹೆಂಡತಿ. ಅದನ್ನು ಬಿಚ್ಚಿ ಎರಡನೆಯ ಸಲ ಸುತ್ತಿದೆ. ಬೆಸೆಯುವಾಗ ಕಾವು ಹೆಚ್ಚಾಗಿ ಕಮ್ಯುಟೇಟರಿನ (ಬ್ರಷ್ ತಾಗುವ ತಾಮ್ರದ ಭಾಗದ) ಒಂದು ಪಟ್ಟಿ ಎದ್ದು ಬಂದಿತು. ಅದೃಷ್ಟಕ್ಕೆ ಗುಜರಿ ಪೆಟ್ಟಿಗೆಯಲ್ಲಿ ಇನ್ನೊಂದು ಆರ್ಮೇಚರ್ ಇತ್ತು.

ಮೂರನೆಯದು ಸರಿಯಾಗಿ ಬಂದಿತು. ಆದರೆ ಎಂಜಿನಿಗೆ ಜೀವವೇ ಇಲ್ಲ, ಎರಡು ಬೋಗಿ ಎಳೆಯಲು ಏದುಸಿರು. ಕಾರಣ ಹೊಳೆಯಲು ಒಂದು ವಾರ ಹಿಡಿಯಿತು. ಆರ್ಮೇಚರ್ ಹೊರತೆಗೆದಾಗ ಆಯಸ್ಕಾಂತದ ಎರಡು ತುದಿಗಳ ನಡುವೆ ಕಬ್ಬಿಣದ ತುಂಡು ಇಡಬೇಕಿತ್ತು. ಇಡದೆ ಹದಿನೈದು ದಿನ ಹಾಗೇ ಬಿಟ್ಟಿದ್ದೆ, ಹಳೆಯ ಆಲ್ನಿಕೊ ಲೋಹದ ಆಯಸ್ಕಾಂತದ ಬಲ ಸೊರಗಿತ್ತು. ಅದನ್ನು ತೆಗೆದು ಹೆಚ್ಚು ಬಲದ ನಿಯೋಡಿಮಿಯಂ ಆಯಸ್ಕಾಂತದ ಚೂರುಗಳನ್ನು ಕೂರಿಸಿದೆ. ಆಮೇಲೆ ನೋಡಬೇಕಿತ್ತು ಅದರ ಗತ್ತು! ನಿಂತಾಗಿನ ಕರೆಂಟು 0.8 ಆಂಪಿಯರಿನ ಆಸುಪಾಸು, ಓಡುವಾಗ ಕಾಲು ಆಂಪಿಯರ್ ಕೂಡ ಇಲ್ಲ. ಆಯಸ್ಕಾಂತ ಬದಲಿಸಿದರೆ ಓಡುವಾಗಿನ ಕರೆಂಟು ಇಳಿಯುತ್ತದೆಯೇ ಹೊರತು ನಿಂತಾಗಿನದು ಇಳಿಯುವುದಿಲ್ಲ. ಇವೆರಡನ್ನು ಒಂದೇ ಎಂದುಕೊಂಡು ಬರೀ ಆಯಸ್ಕಾಂತ ಬದಲಿಸಿ ಡಿಕೋಡರ್ ಸುಟ್ಟುಕೊಂಡವರನ್ನು ನಾನು ಬಲ್ಲೆ. ಓಟದ ವೇಗ ತಗ್ಗಿತು ನಿಜ. ಶಂಟಿಂಗ್ ಎಂಜಿನಿಗೆ ವೇಗ ಯಾಕೆ?

ತಂತಿ ಎಷ್ಟು ಗೇಜಿನದು, ಪೋಲಿಗೆ ಎಷ್ಟು ಸುತ್ತು ಎಂದು ಕೇಳಬೇಡಿ. ನಿಯೋಡಿಮಿಯಂ ಚೂರುಗಳ ಅಕ್ಕಪಕ್ಕ ಏನು ತುಂಬಿದೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬ್ರಷ್‌ಗಳ ನಡುವಿನ ಹಳೆಯ ಕೆಪಾಸಿಟರನ್ನು ಕಿತ್ತುಹಾಕಿ. ಅದಿದ್ದರೆ ನಿಧಾನ ಓಟದಲ್ಲಿ ಎಂಜಿನ್ ನಡುಗುತ್ತದೆ. ಕಮ್ಯುಟೇಟರಿನ ಸಂದುಗಳನ್ನು ಕಡ್ಡಿಯಿಂದ ಕೆರೆದು ಸ್ವಚ್ಛ ಮಾಡಿ. ಡಿಕೋಡರಿನ ಸೆಟ್ಟಿಂಗ್ ಓದಿ ಬದಲಿಸುವ ನನ್ನ ಪ್ರೋಗ್ರಾಮಿಂಗ್ ಹಳಿ ‘ಓದಲಾಗುತ್ತಿಲ್ಲ’ ಎಂದು ವಾರವಿಡೀ ಸತಾಯಿಸಿದ್ದು ಅಲ್ಲಿ ಕುಳಿತ ಇಂಗಾಲದ ಪುಡಿಯಿಂದ. ಉತ್ತರ ಕೊಡಲು ಡಿಕೋಡರ್ ಮೋಟರನ್ನೇ ಕ್ಷಣ ಮಿಡಿಸಬೇಕಲ್ಲ, ಬ್ರಷ್ ಸರಿಯಾಗಿ ತಾಗದಿದ್ದರೆ ಮಿಡಿತವೆಲ್ಲಿಂದ ಬರಬೇಕು?

ಇನ್ನು ಚಕ್ರದಿಂದ ಕರೆಂಟು ಎತ್ತುವ ತಂತಿಗಳು. ಮೊದಲು ಧಾರವಾಡದಿಂದ ತಂಬೂರಿಯ ಖರ್ಜದ (ಕೆಳಗಿನ ಸ್ವರದ) ಹಿತ್ತಾಳೆ ತಂತಿ ತಂದು ಹಾಕಿದೆ. ತಿಂಗಳೊಳಗೆ ಸಡಿಲಾಯಿತು. ವಾದ್ಯದಂಗಡಿಯವರೇ ಸಿತಾರದಲ್ಲಿ ಜೋಡು ಎಂದು ಕರೆಯುವ ಕಂಚಿನ ತಂತಿ ಕೊಟ್ಟು ನೋಡಿ ಎಂದರು. ರಹಿಮತ್ ಖಾನರು ನೆಲೆಸಿ ಸಿತಾರ ಬೆಳೆಸಿದ ಊರಲ್ಲವೇ, ಅಲ್ಲಿಯ ಅಂಗಡಿಯವರಿಗೆ ತಂತಿಯ ಗುಣ ಗೊತ್ತು. 60 ರೂಪಾಯಿಗೆ ನಾಲ್ಕು ಎಂಜಿನಿಗೆ ಸಾಲುವಷ್ಟು ಬಂದಿತು. ಫಾಸ್ಫರ್ ಬ್ರಾಂಜ್ ಎಂದು ಹೊರದೇಶದಿಂದ ತರಿಸುವವರು ಇದನ್ನು ಒಮ್ಮೆ ನೋಡಲಿ.

ಹಳಿಗೆ ಅಪ್ಪಣೆ ಕಳಿಸುವ ಕಮಾಂಡ್ ಸ್ಟೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಹಲಗೆ, ಅದರ ಮೇಲೆ ಕೂರುವ ಮೋಟರ್ ಶೀಲ್ಡ್, ಡಿಸಿಸಿ-ಇಎಕ್ಸ್ ಎಂಬ ತಂತ್ರಾಂಶ, 15 ವೋಲ್ಟಿನ ಹಳೆಯ ಅಡಾಪ್ಟರ್, ಎಲ್ಲ ಸೇರಿ 1,900 ಇರಬಹುದು. ಒಂದು ತಮಾಷೆ ಮಾತ್ರ ಹೇಳಬೇಕು. ಹೊಸ ಡಿಕೋಡರಿನ ವಿಳಾಸ (ಅಪ್ಪಣೆ ಯಾವ ಎಂಜಿನಿಗೆ ಎಂದು ಗುರುತಿಸುವ ಸಂಖ್ಯೆ) 3 ಎಂದೇ ಇತ್ತು, ಗೆಳೆಯರು ತಂದ ಡೀಸೆಲ್ ಎಂಜಿನಿನದೂ 3. ನಾನು ಟ್ಯಾಂಕ್ ಎಂಜಿನನ್ನು ಹಿಂದಕ್ಕೆ ತಂದರೆ ಆಚೆ ತುದಿಯಲ್ಲಿದ್ದ ಅವರ ಡೀಸೆಲ್ಲೂ ಹೊರಟು ಬಂದು ಮೇಜಿನಿಂದ ಬೀಳುವುದರಲ್ಲಿತ್ತು. ಈಗ ನನ್ನದು 26, ಅಂಗಡಿಯ ವಯಸ್ಸು.

ಲೆಕ್ಕ ಹೇಳಿಬಿಡುತ್ತೇನೆ. ಎಂಜಿನ್ 2,500, ಮೂರು ಡಿಕೋಡರ್ 9,800ರಷ್ಟು, ಆಯಸ್ಕಾಂತ 240, ತಂತಿ ಅಂಗಡಿಯದೇ. ಈ ದುಡ್ಡಿಗೆ ಡಿಸಿಸಿ ಇರುವ ಹೊಸ ಎಂಜಿನೇ ಬರುತ್ತಿತ್ತಲ್ಲ ಎಂದು ಕೇಳಿದರೆ, ಬಹುಶಃ ಬರುತ್ತಿತ್ತು. ಅದಕ್ಕೆ ತಂತಿ ಸುತ್ತುವ ಪ್ರಮೇಯ ಇರುತ್ತಿರಲಿಲ್ಲ.

ನಮ್ಮೂರಿನ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಇದೇ ಅಳತೆಯಲ್ಲಿ ಕಟ್ಟಬೇಕೆಂಬ ಹುಚ್ಚು ಬೇರೆ ಹಿಡಿದಿದೆ. ಈ ಮಾದರಿಗಳು ನಿಜದ ಅಳತೆಯ 76ನೆಯ ಒಂದು ಪಾಲು. 76ರಿಂದ ಭಾಗಿಸಿ ನೋಡಿದೆ, ಇಪ್ಪತ್ತು ಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಪಡಸಾಲೆಯಿಂದ ಹೊರಟರೆ ಪಕ್ಕದ ಮನೆಯವರ ತುಳಸಿಕಟ್ಟೆ ಮುಟ್ಟುತ್ತದೆ. ಅವರನ್ನು ಇನ್ನೂ ಕೇಳಿಲ್ಲ.

ಸದ್ಯ ಮೇಜಿನ ಮೇಲಿರುವುದು ಬೆಂಗಳೂರಿನ ಅದೇ ಗೆಳೆಯರು ಕೊರಿಯರ್ ಮಾಡಿದ ಲಿಮಾ ಕಂಪನಿಯ ಮಾದರಿ ಡೀಸೆಲ್ ಎಂಜಿನ್. ಅದರ ಚಪ್ಪಟೆ ಮೋಟರಿನಲ್ಲೂ ಒಂದು ಬ್ರಷ್ ಚಾಸಿಗೆ ಅಂಟಿದೆ, ಬಿಡಿಸಿ ಇಟ್ಟಿದ್ದೇನೆ. ಡಿಕೋಡರ್ ಅವರೇ ಕಳಿಸಬೇಕು ಎಂದು ಮೊದಲೇ ಮಾತಾಗಿದೆ.