ಧ್ರುವ ಕಾಣದ ಮಾಳಿಗೆ, ಶಹಾಬಾದ್ ಕಲ್ಲು, ಲಗೂನ್

ಏಪ್ರಿಲ್‌ನಲ್ಲಿ ಮೂರು ರಾತ್ರಿ ಕೂತು ತೆಗೆದ ಧನು ರಾಶಿಯ ಲಗೂನ್, ಟ್ರಿಫಿಡ್ ಎಂಬ ಎರಡು ನೀಹಾರಿಕೆಗಳ (ಅನಿಲ, ದೂಳಿನ ಮೋಡಗಳು) ಜೋಡಿ ಫೋಟೊ ಕೊನೆಗೂ ಮನಸ್ಸಿಗೆ ಒಪ್ಪುವ ಹಾಗೆ ಬಂದಿದೆ. ಕಲಬುರಗಿ ಊರೊಳಗಿನ ನಮ್ಮ ಮನೆ ಮಾಳಿಗೆಯಿಂದ, 60 ಎಂಎಂ ಮಸೂರದ ದೂರದರ್ಶಕದಿಂದ (ರಿಫ್ರ್ಯಾಕ್ಟರ್), ಗೈಡರ್ (ನಕ್ಷತ್ರ ಜಾರಿದ್ದನ್ನು ನೋಡಿ ತಿದ್ದುವ ಪುಟ್ಟ ಕ್ಯಾಮೆರಾ) ಇಲ್ಲದೆ, ಧ್ರುವ ನಕ್ಷತ್ರವನ್ನು ಒಮ್ಮೆಯೂ ನೋಡದೆ. ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್‌ನ ಅಕ್ಷ ಧ್ರುವದ ಕಡೆಗೇ ಇರಬೇಕು, ಅದಕ್ಕೇ ಇದು ಆಗೋ ಮಾತಲ್ಲ ಅಂದವರು ಬಹಳ ಜನ. "ಧ್ರುವನೇ ಕಾಣಲ್ಲಂದ್ರ ಟ್ರ್ಯಾಕರ್ ಮಾರಿಬಿಡು, ಚಂದ್ರನ ಫೋಟೊ ತಕ್ಕೊಂಡು ಸುಮ್ನಿರು" ಅಂತ ಗೆಳೆಯನೊಬ್ಬ ಕಡ್ಡಿ ಮುರಿದಂತೆ ಹೇಳಿದ್ದ. ಈಗ ಅವನ ಫೋನಿನ ವಾಲ್‌ಪೇಪರ್ ಈ ಫೋಟೊನೇ.

ನಮ್ಮೂರಲ್ಲಿ ಧ್ರುವ ಇರೋದೇ 17 ಡಿಗ್ರಿ ಎತ್ತರದಲ್ಲಿ. ನನ್ನ ಮಾಳಿಗೆಯಿಂದ ಆ ಜಾಗದಲ್ಲಿ ಕಾಣೋದು ಪಕ್ಕದ ಮನೆಯ ಮೂರನೇ ಅಂತಸ್ತು, ಅದರ ಮೇಲೊಂದು ಕಪ್ಪು ನೀರಿನ ಟ್ಯಾಂಕ್. ಧ್ರುವಕ್ಕೆ ಗುರಿಯಿಡುವ ಪೋಲಾರ್ ಸ್ಕೋಪ್ ಇದ್ದೂ ಇಲ್ಲದ ಹಾಗೆ. ಮೊದಲ ಚಳಿಗಾಲ ಪೂರ್ತಿ ಮೊಬೈಲ್ ಕಂಪಾಸ್ ನಂಬಿ ಹಾಳಾಯಿತು. ಸ್ಲ್ಯಾಬಿನೊಳಗಿನ ಕಬ್ಬಿಣದ ರಾಡು ಅದನ್ನು ನಾಲ್ಕು ಹೆಜ್ಜೆಗೊಂದು ಕಡೆ ತಿರುಗಿಸುತ್ತಿತ್ತು. 360 ಎಂಎಂ ಫೋಕಲ್ ಲೆಂತ್‌ಗೆ ನನ್ನ ಕ್ಯಾನನ್ 1300ಡಿ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 2.5 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಭಾಗ ಒಂದು ಆರ್ಕ್‌ಸೆಕೆಂಡ್). ಧ್ರುವದಿಂದ ಒಂದು ಡಿಗ್ರಿ ತಪ್ಪಿದರೆ 30 ಸೆಕೆಂಡಿನಲ್ಲಿ ಮೂರು ಪಿಕ್ಸೆಲ್ ಜಾರುತ್ತೆ. ನಾನು ತಪ್ಪಿದ್ದು ಎಂಟೋ ಹತ್ತೋ ಡಿಗ್ರಿ. ನಕ್ಷತ್ರಗಳೆಲ್ಲ ಅಕ್ಕಿಕಾಳಿನಂತೆ ಉದ್ದುದ್ದ.

ಆಮೇಲೆ ದುಡ್ಡಿನಿಂದ ಸರಿಮಾಡಲು ಹೋದೆ. ಗೈಡ್ ಸ್ಕೋಪ್, ಗೈಡ್ ಕ್ಯಾಮೆರಾ ಎರಡೂ ಸೇರಿ 18 ಸಾವಿರ. ನಮ್ಮ ಸಣ್ಣ ಟ್ರ್ಯಾಕರ್‌ಗೆ ಮೋಟಾರ್ ಇರೋದು ಒಂದೇ ಅಕ್ಷಕ್ಕೆ, ಅಲ್ವಾ? ಡೆಕ್ಲಿನೇಷನ್ ಕಡೆ, ಅಂದರೆ ಉತ್ತರ-ದಕ್ಷಿಣಕ್ಕೆ ಜಾರಿದರೆ ಗೈಡರ್ ಏನು ಮಾಡೀತು? ನಾಲ್ಕು ತಿಂಗಳು ಇಟ್ಟುಕೊಂಡು 11 ಸಾವಿರಕ್ಕೆ ಮಾರಿದೆ. ದೂರದರ್ಶಕ ಮೂವತ್ತು ಸಾವಿರದ ಹತ್ತಿರ, ಸೆಕೆಂಡ್ ಹ್ಯಾಂಡ್ ಟ್ರ್ಯಾಕರ್ 22, ಕ್ಯಾಮೆರಾ 14, ಅದರೊಳಗಿನ ಕೆಂಪು ತಡೆಯುವ ಫಿಲ್ಟರ್ ತೆಗೆಸಲು 6. ಇಷ್ಟೆಲ್ಲ ಸುರಿದ ಮೇಲೆ ಕೆಲಸಕ್ಕೆ ಬಂದದ್ದು 150 ರೂಪಾಯಿಯ ಒಂದು ಶಹಾಬಾದ್ ಕಲ್ಲು.

ಎರಡು ಅಡಿ ಚೌಕದ ದಪ್ಪ ಕಲ್ಲನ್ನು ಮಾಳಿಗೆಯ ಮೂಲೆಯಲ್ಲಿ, ಸರಿಯಾಗಿ ಕಾಲಮ್ ಮೇಲೆ ಬರುವಂತೆ ಕೂರಿಸಿದೆ. ನಡುವೆ ಇಟ್ಟರೆ ಯಾರಾದರೂ ನಡೆದಾಡಿದಾಗಲೆಲ್ಲ ಫ್ರೇಮ್ ನಡುಗುತ್ತೆ. ಕಲ್ಲಿನ ಕೆಳಗೆ ಏನು ಹಾಕಿದ್ದೇನೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ, ಅದು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿದೆ.

ಉತ್ತರ ದಿಕ್ಕು ಹುಡುಕಿದ್ದು ಹಗಲಲ್ಲಿ. ಗೌಂಡಿಯ ಹತ್ತಿರ ತೂಗುಗುಂಡು ತಂದು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಡಿಸೆಂಬರ್ 25ರ ಆಸುಪಾಸಿನಲ್ಲಿ ಕಲಬುರಗಿಗೆ ನಿಜವಾದ ನಡುಹಗಲು 12 ಗಂಟೆಗಲ್ಲ, 12:23ಕ್ಕೆ. ಆ ನಿಮಿಷಕ್ಕೆ ದಾರದ ನೆರಳು ಬಿದ್ದಲ್ಲಿ ಪೆನ್ಸಿಲ್ ಗೆರೆ ಎಳೆದೆ. ಮೂರು ದಿನ ಎಳೆದ ಗೆರೆಗಳು ಒಂದರ ಮೇಲೊಂದು ಬಂದವು. ಇದನ್ನು ಚಳಿಗಾಲದಲ್ಲೇ ಮಾಡಬೇಕು. ಮೇ ಎರಡನೇ ವಾರದ ಹೊತ್ತಿಗೆ ನಮ್ಮೂರಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಆಗ ನೆರಳೇ ಸಿಗಲ್ಲ.

ಮುಂದಿನದು ಡ್ರಿಫ್ಟ್, ನಕ್ಷತ್ರ ಯಾವ ಕಡೆ ಜಾರುತ್ತೆ ನೋಡಿ ಅಕ್ಷ ತಿದ್ದುವ ವಿಧಾನ. ಜನವರಿಯಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಮಹಾವ್ಯಾಧನ ನಡುಪಟ್ಟಿಯ ಮಿಂಟಾಕಾ ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತೆ, ಖಗೋಳ ಮಧ್ಯರೇಖೆಗೆ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶದ ಗೆರೆ) ಬಹಳ ಹತ್ತಿರದ ಒಳ್ಳೆ ನಕ್ಷತ್ರ ಅದು. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಐದೈದು ನಿಮಿಷ ನೋಡಿದೆ. ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಜಾಸ್ತಿ ವಾಲಿದೆ ಅಂತ ಲೆಕ್ಕ. ಆಮೇಲೆ ಪೂರ್ವದ ನಕ್ಷತ್ರ ಹಿಡಿದು ಎತ್ತರ ಸರಿಮಾಡಿದೆ. ಆರು ರಾತ್ರಿ ಹೋಯಿತು.

ಅಲ್ಲಿಗೆ ಟ್ರೈಪಾಡಿನ ಮೂರು ಕಾಲಿನ ತುದಿ ಗುರುತು ಮಾಡಿ ಗುಳಿ ಕೊರೆದೆ. ಮೊದಲ ಕಲ್ಲಿಗೆ ಉಳಿ ಸುತ್ತಿಗೆ ಹಿಡಿದಿದ್ದೆ. ಶಹಾಬಾದ್ ಕಲ್ಲು ಪದರ ಪದರ ಇರುತ್ತಲ್ಲ, ಮೂರನೇ ಏಟಿಗೆ ಅಂಗೈಯಗಲದ ಚಕ್ಕೆ ಎದ್ದು ಗೆರೆ ಸಮೇತ ಹೋಯಿತು. ಅಮ್ಮ ಮೇಲೆ ಬಂದು, "ಚಲೋ ಕಲ್ಲಿಗಿ ಯಾಕಪಾ ತೂತ ಹಾಕ್ಲತಿ?" ಅಂದಳು. ಎರಡನೇ ಕಲ್ಲಿಗೆ ಗೋಡೆ ಕೊರೆಯುವ ಡ್ರಿಲ್ ಬಿಟ್, ಹ್ಯಾಮರ್ ಬಂದ್ ಮಾಡಿ, ನೀರು ಹನಿಸುತ್ತಾ ನಿಧಾನ. ಬೂದು ಕೆಸರು ಹೊರಬಂತು, ಗುಳಿ ಬಟ್ಟಲಿನ ಹಾಗೆ ದುಂಡಗಾಯಿತು. ಈಗ ಟ್ರೈಪಾಡ್ ತಂದು ಗುಳಿಯಲ್ಲಿ ಇಟ್ಟರೆ ಸಾಕು, ಐದು ನಿಮಿಷದಲ್ಲಿ ತಯಾರು. ಕಾಲಿನ ಉದ್ದ, ವೆಜ್ಜಿನ (ಟ್ರ್ಯಾಕರ್ ಓರೆಯಾಗಿ ಕೂರುವ ತಳ) ತಿರುಪು ಮಾತ್ರ ಯಾವತ್ತೂ ಮುಟ್ಟಬಾರದು. ನಾನು ತಿರುಪಿಗೆ ಬಣ್ಣ ಹಚ್ಚಿ ಗುರುತು ಮಾಡಿದ್ದೇನೆ.

ಕಲ್ಲು ಬಿಸಿಲು ಹೀರಿ ನಡುರಾತ್ರಿಯವರೆಗೆ ಬಿಸಿಯಾಗೇ ಇರುತ್ತೆ, ಅದರ ಬಿಸಿಗಾಳಿ ಫೋಟೊ ಕದಡೀತು ಅನ್ನಿಸಿತ್ತು. ಸಂಜೆ ಎರಡು ಕೊಡ ನೀರು ಸುರಿದು ಗೋಣಿಚೀಲ ಹಾಸಿ ನೋಡಿದೆ. ಇಷ್ಟು ಅಗಲದ ಫ್ರೇಮಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ. ಫೋಕಸ್ ಮಾತ್ರ ಗಂಟೆಗೊಮ್ಮೆ ನೋಡಲೇಬೇಕು. ದಪ್ಪ ಲಗ್ನಪತ್ರಿಕೆ ಕೊರೆದು ಮಾಡಿದ ಬಹಟಿನೋವ್ ಮಾಸ್ಕ್ (ಫೋಕಸ್ ಸರಿಯಾಯ್ತೇ ಅಂತ ತೋರಿಸುವ ಸೀಳುಗಳ ಮುಚ್ಚಳ) ನಾಲ್ಕು ವರ್ಷದಿಂದ ನಡೆಯುತ್ತಿದೆ.

ಏಪ್ರಿಲ್‌ನಲ್ಲಿ ಧನು ರಾಶಿ ಮೇಲೇರಬೇಕಾದರೆ ರಾತ್ರಿ ಒಂದೂವರೆ ಆಗುತ್ತೆ, ಐದಕ್ಕೆ ಮುಂಚೆ ಬೆಳಕು ಹರಿಯಲು ಶುರು. ಸಿಗೋದು ಮೂರು ಗಂಟೆ. 30 ಸೆಕೆಂಡಿನ ಫ್ರೇಮುಗಳು, ಐಎಸ್ಒ 800, ಮೂರು ರಾತ್ರಿಗೆ ಒಂಬೈನೂರರ ಹತ್ತಿರ. ನಕ್ಷತ್ರ ಜಾರಿದವನ್ನು, ನೂರಕ್ಕೆ ಇಪ್ಪತ್ತು, ಎಸೆದೆ. ಎಸೆದವು ಹತ್ತು ನಿಮಿಷಕ್ಕೊಮ್ಮೆ ಗುಂಪಾಗಿ ಬರುತ್ತಿದ್ದವು, ಟ್ರ್ಯಾಕರ್ ಗೇರಿನ ವರ್ಮ್ (ತಿರುಪಿನಂಥ ದಂಡ) ಒಂದು ಸುತ್ತು ಹಾಕುವ ಹೊತ್ತು ಅದು. ಉಳಿದದ್ದು ಸುಮಾರು ಆರು ಗಂಟೆ. ಬೇಸಿಗೆಯ ಹಾಟ್ ಪಿಕ್ಸೆಲ್ (ಬಿಸಿಗೆ ತಾವೇ ಹೊಳೆಯುವ ಚುಕ್ಕೆ) ಜಾತ್ರೆಗೆ ಪ್ರತಿ ರಾತ್ರಿ ಬೇರೆ ಬೇರೆ 30 ಡಾರ್ಕ್ (ಮುಚ್ಚಳ ಹಾಕಿ ತೆಗೆದ ಫ್ರೇಮ್) ತೆಗೆಯಲೇಬೇಕು. ಹಳೇ ಡಾರ್ಕ್ ಬಳಸಿ ಒಂದು ರಾತ್ರಿಯ ಕೆಲಸ ಕೆಡಿಸಿಕೊಂಡಿದ್ದೆ. ಬೀದಿಯಲ್ಲೀಗ ಎಲ್ಇಡಿ. ಸೋಡಿಯಂ ದೀಪಕ್ಕಂತ ಕೊಂಡ ನನ್ನ ಹಳೇ ಫಿಲ್ಟರ್ ಅದರ ಮುಂದೆ ನಡೆಯಲ್ಲ. ಬೆಳಕಿನ ಪೊರೆ ಸಿರಿಲ್ ತಂತ್ರಾಂಶದಲ್ಲಿ ತೆಗೆದೆ, ಆದರೆ ಸ್ಟ್ಯಾಕ್ ಮಾಡಿದ (ಫ್ರೇಮುಗಳನ್ನೆಲ್ಲ ಒಂದಾಗಿಸಿದ) ಮೇಲಲ್ಲ, ಮೊದಲೇ, ಒಂದೊಂದು ಫ್ರೇಮಿಗೂ. ಹಿನ್ನೆಲೆ ಬೆಳಕು ಅಳೆಯಲು ಎಷ್ಟು ಬಿಂದು, ಎಲ್ಲಿ ಇಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಲಗೂನ್ ಸುತ್ತ ಕೆಂಪು ಹರಡಿದೆ, ಟ್ರಿಫಿಡ್‌ನ ನೀಲಿ ಭಾಗ ಬೇರೆಯಾಗಿ ಕಾಣುತ್ತೆ, ಮೂಲೆಯ ನಕ್ಷತ್ರವೂ ದುಂಡಗಿದೆ.

ಹೋಲಿಸಿ ನೋಡಲಿಕ್ಕೆ ಚಿಂಚೋಳಿ ಕಡೆ ಸೋದರಮಾವನ ಹೊಲಕ್ಕೆ ಒಂದು ರಾತ್ರಿ ಹೋಗಿದ್ದೆ. ಅಲ್ಲಿನ ಒಂದೂವರೆ ಗಂಟೆ ನನ್ನ ಮಾಳಿಗೆಯ ಆರು ಗಂಟೆಗೆ ಸಮ. ಮಾವನಿಗೆ ಹೇಳಿ ಬದುವಿನ ಮೇಲೆ ಇನ್ನೊಂದು ಕಲ್ಲು ಹಾಕಿಸಿಟ್ಟಿದ್ದೇನೆ. ತೊಗರಿ ರಾಶಿ ಮುಗಿದು ದೂಳು ಕೂತ ಮೇಲೆ ಹೋಗಿ ಗುಳಿ ಕೊರೆಯಬೇಕು.