ಪಾಸ್‌ಬುಕ್ ಓದಿ, ಬಿಲ್ ಹಿಡಿದು ನೋಡಿ: ಮನೆಯ ದುಡ್ಡು ಸೋರದಂತೆ ತಡೆಯುವ ಬಗೆ

ಹೊಸ ಖಾತೆ ತೆರೆದರೆ ಶೇ 7ರವರೆಗೆ ಬಡ್ಡಿ, ಈ ಆ್ಯಪ್‌ನಲ್ಲಿ ಕರೆಂಟ್ ಬಿಲ್ ಕಟ್ಟಿದರೆ ಕ್ಯಾಶ್‌ಬ್ಯಾಕ್, ಮನೆಯೊಡತಿಯ ಹೆಸರಲ್ಲಿ ಖಾತೆ ಇದ್ದರೆ ಲಾಕರ್ ಬಾಡಿಗೆಯಲ್ಲಿ ರಿಯಾಯಿತಿ. ಇಂಥ ಮೆಸೇಜ್ ಬಾರದ ವಾರವಿಲ್ಲ. ಇವೆಲ್ಲ ಸುಳ್ಳೇನಲ್ಲ, ಲೆಕ್ಕ ಹಾಕಿ ಹಿಡಿದರೆ ಲಾಭವೂ ಉಂಟು. ಆದರೆ ಈಗಿರುವ ಖಾತೆಯಿಂದ ಏನೇನು ಕಡಿತವಾಗುತ್ತಿದೆ ಎಂದು ನೋಡದೆ ಹೊಸದರ ಹಿಂದೆ ಓಡುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಸೋರಿಕೆ ನಿಲ್ಲಿಸುವುದು, ನಂತರ ಬಡ್ಡಿ, ಕ್ಯಾಶ್‌ಬ್ಯಾಕ್ ಕಟ್ಟಕಡೆಗೆ.

ಮೊದಲು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಯಿರಿ

ಬ್ಯಾಂಕ್ ಆ್ಯಪ್‌ನಲ್ಲಿ ಕಳೆದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಸಿಗುತ್ತದೆ. ಆ್ಯಪ್ ಬಳಸದವರು ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಮೂರು ತಿಂಗಳದ್ದು ಸಾಲದೇ ಎಂದರೆ, ಸಾಲದು. ಎಸ್‌ಎಂಎಸ್ ಶುಲ್ಕ ಮೂರು ತಿಂಗಳಿಗೊಮ್ಮೆ ಬಿದ್ದರೆ, ಎಟಿಎಂ ಕಾರ್ಡ್‌ನ ಶುಲ್ಕ ವರ್ಷಕ್ಕೊಮ್ಮೆ, ಅದೂ ಜಿಎಸ್‌ಟಿ ಸಮೇತ. ಹಾಳೆಯ ಮೇಲೆ ಪೆನ್ ಹಿಡಿದು, ನೀವಾಗಿ ಕಳಿಸದ ಪ್ರತಿ ಡೆಬಿಟ್‌ನ ಕೆಳಗೆ ಗೆರೆ ಎಳೆಯುತ್ತ ಬನ್ನಿ.

‘ಎಎಂಸಿ’ ಎಂದಿದ್ದರೆ ಅದು ಕಾರ್ಡ್‌ನ ವಾರ್ಷಿಕ ಶುಲ್ಕ. ಬಳಸದ ಎರಡನೇ ಕಾರ್ಡ್ ಇದ್ದರೆ ಬ್ಲಾಕ್ ಮಾಡಿಸಿ ಸುಮ್ಮನಾಗಬೇಡಿ, ಕಾರ್ಡ್ ರದ್ದು ಮಾಡಿ ಎಂದು ಬರೆದು ಕೊಡಿ. ‘ಎಸಿಎಚ್’ ಎಂದು ಶುರುವಾಗುವ ಸಾಲು ನೀವು ಎಂದೋ ಸಹಿ ಹಾಕಿಕೊಟ್ಟ ಒಪ್ಪಿಗೆಯ ಮೇಲೆ ತಾನಾಗಿ ಕಡಿತವಾಗುವ ಹಣ. ಸಾಲದ ಕಂತು, ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ಕಟ್ಟುವ ಕಂತು), ವಿಮೆ ಇತ್ಯಾದಿ. ಅದರ ಜತೆಗೇ ‘ರಿಟರ್ನ್’ ಎಂಬ ಪದ ಕಂಡರೆ ಆ ದಿನ ಖಾತೆಯಲ್ಲಿ ಹಣವಿರಲಿಲ್ಲ, ಅದಕ್ಕೆ ಬ್ಯಾಂಕ್ ದಂಡ ಹಾಕಿದೆ ಎಂದರ್ಥ. ಸಾಲ ಕೊಟ್ಟವರೂ ಬೇರೆ ದಂಡ ಹಾಕುತ್ತಾರೆ.

ಎಟಿಎಂ ವಿಚಾರವನ್ನೂ ನೋಡಿ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ವ್ಯವಹಾರ ಉಚಿತ. ಬೇರೆ ಬ್ಯಾಂಕಿನದಾದರೆ ಬೆಂಗಳೂರಿನಂಥ ಮಹಾನಗರದಲ್ಲಿ 3, ಹುಬ್ಬಳ್ಳಿ, ಶಿವಮೊಗ್ಗದಂಥ ಊರುಗಳಲ್ಲಿ 5. ಆ ಮಿತಿ ಮೀರಿದರೆ 2025ರ ಮೇ 1ರಿಂದ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಶುಲ್ಕ, ಮೇಲೆ ತೆರಿಗೆ. ಬ್ಯಾಲೆನ್ಸ್ ನೋಡುವುದೂ ಈ ಲೆಕ್ಕಕ್ಕೆ ಸೇರುತ್ತದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಇನ್ನು ಮೇ ತಿಂಗಳ ಕೊನೆಯ ವಾರದ ಪುಟಕ್ಕೆ ಬನ್ನಿ. 436 ಮತ್ತು 20 ರೂಪಾಯಿಯ ಎರಡು ಸಾಲು ಇದ್ದರೆ ಅವು ಪ್ರಧಾನಮಂತ್ರಿ ಜೀವನಜ್ಯೋತಿ ಮತ್ತು ಸುರಕ್ಷಾ ವಿಮೆಯ ಕಂತುಗಳು. ತಲಾ 2 ಲಕ್ಷದ ವಿಮೆಗೆ ಇದು ಅಗ್ಗ, ಇರಲಿ. ಆದರೆ ಇದೇ ಸಾಲು ನಿಮ್ಮ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್‌ನಲ್ಲೂ ಇದೆಯೇ? ಎರಡು ಕಡೆ ಕಟ್ಟಿದರೂ ಒಬ್ಬರಿಗೆ ಸಿಗುವುದು ಒಂದೇ ವಿಮೆ. ಒಂದು ಕಡೆ ಕೂಡಲೇ ನಿಲ್ಲಿಸಿ. ಉಳಿಸಿಕೊಂಡ ವಿಮೆ ಯಾವ ಬ್ಯಾಂಕಿನದು ಎಂದು ಮನೆಯವರಿಗೆ ಹೇಳಿಡಿ. ಗೊತ್ತಿಲ್ಲದಿದ್ದರೆ ಕ್ಲೇಮ್ ಮಾಡುವವರಾರು?

ಜನಧನ ಖಾತೆಯ ರುಪೇ ಕಾರ್ಡ್‌ಗೂ ಅಪಘಾತ ವಿಮೆ ಇದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಯಾದರೆ 2 ಲಕ್ಷ ರೂಪಾಯಿ. ಷರತ್ತು ಒಂದೇ: ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಬೀರುವಿನಲ್ಲಿಟ್ಟ ಕಾರ್ಡ್‌ಗೆ ವಿಮೆ ಇಲ್ಲ.

ಎಷ್ಟು ಖಾತೆ ಬೇಕು?

ನಮ್ಮಲ್ಲಿ ಅನೇಕ ಮನೆಗಳಲ್ಲಿ ಖಾತೆಗಳು ಬೇಕೆಂದು ಹುಟ್ಟಿದವಲ್ಲ. ಕೆಲಸ ಬದಲಾದಾಗ ಒಂದು ಸಂಬಳದ ಖಾತೆ, ಸಾಲ ತೆಗೆದಾಗ ಇನ್ನೊಂದು, ಊರಿನ ಸೊಸೈಟಿಯದು ಮತ್ತೊಂದು. ಸಂಬಳ ಬರುವುದು ನಿಂತ ಮೇಲೆ ಸಂಬಳದ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ, ಕನಿಷ್ಠ ಬ್ಯಾಲೆನ್ಸ್ ನಿಯಮ ಅನ್ವಯವಾಗುತ್ತದೆ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡ ಕೈಬಿಟ್ಟಿವೆ. ಹಲವು ಖಾಸಗಿ ಬ್ಯಾಂಕುಗಳಲ್ಲಿ ಇನ್ನೂ ಇದೆ. ದಂಡ ಹಾಕುವ ಬ್ಯಾಂಕ್ ಕೂಡ ಅದರಿಂದಾಗಿ ನಿಮ್ಮ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗುವಂತೆ ಮಾಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ‘ಮೈನಸ್ ಆಗಿದೆ, ಕಟ್ಟಿ ಕ್ಲೋಸ್ ಮಾಡಿ’ ಎಂದರೆ ಈ ನಿಯಮ ನೆನಪಿಸಿ.

ಕರ್ನಾಟಕದವರಿಗೆ ವಿಶೇಷವಾಗಿ ತಟ್ಟುವ ಸಂಗತಿ ಬ್ಯಾಂಕುಗಳ ವಿಲೀನ. 2017ರಲ್ಲಿ ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿಗೆ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಅಪ್ಪನ ಕಾಲದಲ್ಲಿ ‘ದುಡ್ಡೆಲ್ಲ ಒಂದೇ ಕಡೆ ಬೇಡ’ ಎಂದು ಸಿಂಡಿಕೇಟ್‌ನಲ್ಲೊಂದು, ಕೆನರಾದಲ್ಲೊಂದು ಎಫ್‌ಡಿ ಇಟ್ಟಿದ್ದರೆ ಈಗ ಅವೆರಡೂ ಒಂದೇ ಕಡೆ ಇವೆ. ಠೇವಣಿ ವಿಮೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿಗೆ ಮಾತ್ರ. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಶೇ 1 ಬಡ್ಡಿ ಹೆಚ್ಚು ಎಂದು ಸೊಸೈಟಿಗೆ ಹೋಗುವವರು ಬೋರ್ಡಿನಲ್ಲಿ ಏನು ಬರೆದಿದೆ ಎಂದು ಸರಿಯಾಗಿ ಓದಿಕೊಳ್ಳಿ.

ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾಪಸ್ ಕೇಳಿ ಪಡೆಯಬಹುದು. ‘ಉದ್ಗಮ್’ ಎಂಬ ಪೋರ್ಟಲ್‌ನಲ್ಲಿ ಹೆಸರು ಕೊಟ್ಟು ಹುಡುಕಿ ನೋಡಿ, ಅಜ್ಜಿಯ ಹೆಸರನ್ನೂ ಹಾಕಿ.

ನನ್ನ ಅಭಿಪ್ರಾಯದಲ್ಲಿ ಒಂದು ಮನೆಗೆ ಎರಡು ಖಾತೆ ಸಾಕು. ಒಂದಕ್ಕೆ ಆದಾಯ ಬರಲಿ. ಇನ್ನೊಂದು ಬಿಲ್‌ಗಳಿಗೆ ಮೀಸಲಿರಲಿ. ತಿಂಗಳ ಮೊದಲ ವಾರ ಅಂದಾಜು ಮೊತ್ತ ಅದಕ್ಕೆ ಹಾಕಿ, ಬಾಡಿಗೆಯಿಂದ ಹಿಡಿದು ಬ್ರಾಡ್‌ಬ್ಯಾಂಡ್‌ವರೆಗೆ ಎಲ್ಲ ಅಲ್ಲಿಂದಲೇ ಹೋಗಲಿ. ಯುಪಿಐಗೂ ಇದನ್ನೇ ಜೋಡಿಸಿದರೆ, ಮೋಸಗಾರರ ಕೈಗೆ ಸಿಕ್ಕರೂ ಹೋಗುವುದು ಅದರಲ್ಲಿರುವಷ್ಟೇ.

ಒಂದು ಎಚ್ಚರಿಕೆ ಮಾತ್ರ ಇದ್ದೇ ಇರಬೇಕು. ಹೊಸ ಖಾತೆಯ ಅರ್ಜಿಯಲ್ಲಿ ‘ಸರ್ಕಾರಿ ಸವಲತ್ತು ಈ ಖಾತೆಗೇ ಬರಲಿ’ ಎಂಬರ್ಥದ ಚೌಕವೊಂದಿರುತ್ತದೆ. ಅಲ್ಲಿ ಟಿಕ್ ಮಾಡಿದರೆ ಆಧಾರ್ ಜೋಡಣೆ ಹಳೆ ಬ್ಯಾಂಕ್ ಬಿಟ್ಟು ಹೊಸದಕ್ಕೆ ಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ‘ಬರಲೇ ಇಲ್ಲ’ ಎಂದು ತಾಲ್ಲೂಕು ಕಚೇರಿಗೆ ಅಲೆಯುವವರಲ್ಲಿ ಕೆಲವರ ಹಣ ಹೀಗೆ ಮರೆತುಹೋದ ಇನ್ನೊಂದು ಖಾತೆಯಲ್ಲಿ ಬಿದ್ದಿರುತ್ತದೆ. ಆಧಾರ್ ವೆಬ್‌ಸೈಟ್‌ನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಈಗ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ.

ಬಡ್ಡಿಯ ಲೆಕ್ಕ

ಸ್ಟೇಟ್ ಬ್ಯಾಂಕ್ 2025ರ ಜೂನ್‌ನಿಂದ ಉಳಿತಾಯ ಖಾತೆಗೆ ಕೊಡುತ್ತಿರುವ ಬಡ್ಡಿ ಶೇ 2.5. ಖಾತೆಯಲ್ಲಿ ಸುಮ್ಮನೆ 80,000 ರೂಪಾಯಿ ಬಿದ್ದಿದೆ ಎನ್ನಿ. ‘ಆಟೊ ಸ್ವೀಪ್’ ಸೌಲಭ್ಯ ಕೇಳಿ ಪಡೆದರೆ ಒಂದು ಮಿತಿಗಿಂತ ಹೆಚ್ಚಿನ ಹಣ ತಾನಾಗಿ ಎಫ್‌ಡಿ ಆಗುತ್ತದೆ. ಬೇಕಾದಾಗ ಎಟಿಎಂನಲ್ಲಿ ತೆಗೆದರೆ ಅಷ್ಟರಮಟ್ಟಿಗೆ ಎಫ್‌ಡಿ ಮುರಿಯುತ್ತದೆ. ಮಿತಿ 25,000 ಇಟ್ಟು ಉಳಿದ 55,000ಕ್ಕೆ ಶೇ 6 ಸಿಕ್ಕಿತೆಂದರೆ ವರ್ಷಕ್ಕೆ 3,300 ರೂಪಾಯಿ. ಉಳಿತಾಯ ಖಾತೆಯಲ್ಲೇ ಇದ್ದಿದ್ದರೆ 1,375. ಇದಕ್ಕೆ ಹೊಸ ಖಾತೆಯೂ ಬೇಡ, ಖರ್ಚೂ ಇಲ್ಲ. ಬ್ಯಾಂಕ್ ತಾನಾಗಿ ಕರೆದು ಕೊಡುವುದಿಲ್ಲ ಅಷ್ಟೆ. ಅವಧಿಗೆ ಮೊದಲೇ ಮುರಿದ ಭಾಗಕ್ಕೆ ಬಡ್ಡಿ ಕಡಿಮೆಯಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಉಳಿತಾಯ ಖಾತೆಯ ಬಡ್ಡಿಯ ಮೇಲೆ ಸಿಗುವ 10,000 ರೂಪಾಯಿವರೆಗಿನ ವಿನಾಯಿತಿಯೂ ಸ್ವೀಪ್ ಬಡ್ಡಿಗೆ ಸಿಗದು (ಹಿರಿಯ ನಾಗರಿಕರ ನಿಯಮ ಬೇರೆ).

ಜಾಹೀರಾತಿನ ‘ಶೇ 7ರವರೆಗೆ’ ಎಂಬುದರಲ್ಲಿ ‘ವರೆಗೆ’ಯೇ ಮುಖ್ಯ. ಒಂದು ಲಕ್ಷದವರೆಗೆ ಶೇ 3, ಅದರ ಮೇಲಿನದಕ್ಕೆ ಶೇ 7 ಎಂದು ಹಂತ ಮಾಡಿದ್ದರೆ, 1,20,000 ಇಟ್ಟವರಿಗೆ ಸಿಗುವುದು 8,400 ಅಲ್ಲ, 4,400. ದರಪಟ್ಟಿಯ ಹಂತ ನೋಡದೆ ಖಾತೆ ಬದಲಿಸಬೇಡಿ.

ಕರೆಂಟ್ ಬಿಲ್ಲನ್ನು ತಿಂಗಳ ಮಧ್ಯೆಯೇ ನೋಡಿ

ಕರ್ನಾಟಕದ ಮನೆಗಳಲ್ಲಿ ಕಣ್ಣಿಟ್ಟಷ್ಟೂ ಪ್ರತಿಫಲ ಕೊಡುವ ಬಿಲ್ ಇದೊಂದೇ ಎನ್ನಬಹುದು. ಗೃಹಜ್ಯೋತಿಯಲ್ಲಿ ನಿಮ್ಮ ಅರ್ಹತೆ, ಅಂದರೆ ಉಚಿತವಾಗಿ ಸಿಗುವ ಯೂನಿಟ್, 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ಬಳಕೆ ತೀರಾ ಕಡಿಮೆ ಇದ್ದವರಿಗೆ ಶೇಕಡಾವಾರು ಬದಲು 10 ಯೂನಿಟ್ ಹೆಚ್ಚುವರಿ. ಅರ್ಹತೆ ಮೀರಿದರೆ ಮೀರಿದ ಯೂನಿಟ್‌ಗೆ ಮಾತ್ರ ಹಣ. ಆದರೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ.

ಅರ್ಹತೆ 150 ಯೂನಿಟ್ ಇರುವ, 3 ಕಿಲೋವಾಟ್ ಮಂಜೂರಾತಿಯ ಮನೆಯೊಂದನ್ನು ತೆಗೆದುಕೊಳ್ಳಿ. ತಿಂಗಳಿಗೆ 195 ಯೂನಿಟ್ ಉರಿದರೆ ಹೆಚ್ಚಾದ 45ಕ್ಕೆ ಯೂನಿಟ್‌ಗೆ 5.80ರಂತೆ 261 ರೂಪಾಯಿ, ಅದರ ಮೇಲೆ ತೆರಿಗೆ, ಸರ್‌ಚಾರ್ಜ್. ಅದೇ 205 ಆದರೆ? ಯೂನಿಟ್‌ಗಳಿಗೆ 1,189, ಕಿಲೋವಾಟಿಗೆ 145ರಂತೆ ನಿಗದಿತ ಶುಲ್ಕ 435, ಯೂನಿಟ್‌ಗೆ 36 ಪೈಸೆಯಂತೆ ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು ಸುಮಾರು 74, ಶೇ 9 ವಿದ್ಯುತ್ ತೆರಿಗೆ 107. ಒಟ್ಟು 1,805 ರೂಪಾಯಿ. ಇಂಧನ ವೆಚ್ಚ ಹೊಂದಾಣಿಕೆ ಬೇರೆ. ಇದು 2025-26ರ ದರ. ಹತ್ತು ಯೂನಿಟ್‌ನ ಅಂತರಕ್ಕೆ ಸಾವಿರದ ಐನೂರರ ಆಸುಪಾಸು ವ್ಯತ್ಯಾಸ!

ಮಾಡಬೇಕಾದ್ದು ಇಷ್ಟೆ. ಬಿಲ್ ಬಂದ ದಿನದ ರೀಡಿಂಗ್ ಅದರಲ್ಲೇ ಇರುತ್ತದೆ. ಇಪ್ಪತ್ತನೇ ದಿನ ಮೀಟರ್ ನೋಡಿ ಕಳೆಯಿರಿ. 140 ಬಂದರೆ ಮೂವತ್ತಕ್ಕೆ 210 ಆಗುತ್ತದೆ ಎಂದರ್ಥ. ಇನ್ನು ಹತ್ತು ದಿನ ಇದೆ: 2 ಕಿಲೋವಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಕಡಿಮೆ ಉರಿದರೆ ಒಂದು ಯೂನಿಟ್, ಹತ್ತು ದಿನಕ್ಕೆ ಹತ್ತು. ಇಸ್ತ್ರಿಯನ್ನೂ ಬಿಗಿ ಹಿಡಿದರೆ ಇನ್ನೂರರ ಒಳಗೆ ನಿಲ್ಲುತ್ತದೆ. ಬಚ್ಚಲಲ್ಲಿ ಹಂಡೆ ಒಲೆ ಇರುವವರು ಪುಣ್ಯವಂತರು.

ಬಿಲ್ ಕೈಗೆ ಬಂದಾಗ ‘ಪ್ರಸ್ತುತ ರೀಡಿಂಗ್’ ಮೀಟರ್‌ಗೆ ಹೊಂದುತ್ತದೆಯೇ ನೋಡಿ. ‘ಡೋರ್ ಲಾಕ್’ ಎಂದಿದ್ದರೆ ಅದು ಸರಾಸರಿ ಬಿಲ್. ಮೀಟರ್ ಫೋಟೊ ತೆಗೆದು 1912ಕ್ಕೆ ದೂರು ಕೊಡಿ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಬಳಿ ಇರುವ ನಿಮ್ಮ ಭದ್ರತಾ ಠೇವಣಿಗೆ ವರ್ಷಕ್ಕೊಮ್ಮೆ ಬಡ್ಡಿ ಬಿಲ್‌ನಲ್ಲೇ ಜಮೆಯಾಗಬೇಕು, ಅದೂ ಬಂದಿದೆಯೇ ಎಂದು ಹುಡುಕಿ. ಬಾಡಿಗೆ ಮನೆ ಬಿಡುವವರು ಹಳೆ ಮನೆಯ ಆರ್.ಆರ್. ನಂಬರಿನಿಂದ (ಬಿಲ್‌ನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಆಧಾರ್ ಬಿಡಿಸಿಕೊಳ್ಳದೆ ಹೋದರೆ ಹೊಸ ಮನೆಯಲ್ಲಿ ಯೋಜನೆಗೆ ನೋಂದಾಯಿಸುವಾಗ ತೊಡಕಾಗುತ್ತದೆ.

ನೀರಿನ ಬಿಲ್‌ಗೆ ಒಂದೇ ಪರೀಕ್ಷೆ. ರಾತ್ರಿ ಎಲ್ಲ ನಲ್ಲಿ ಕಟ್ಟಿ, ಸಂಪು ತುಂಬಿದ ಮೇಲೆ ಮೀಟರ್ ನೋಡಿ, ಬೆಳಿಗ್ಗೆ ಮತ್ತೆ ನೋಡಿ. ಮುಳ್ಳು ಸರಿದಿದ್ದರೆ ಪ್ಲಂಬರ್‌ಗೆ ಫೋನ್ ಮಾಡಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಕೊಡುವ ಪದ್ಧತಿ ನಮ್ಮ ನಗರಗಳಲ್ಲಿದೆ. ಒಂದೇ ತಿಂಗಳ ಅಂತರದಲ್ಲಿ ಶೇ 5 ಕೊಡುವ ಬ್ಯಾಂಕ್ ಯಾವುದೂ ಇಲ್ಲ. ಮಾರ್ಚ್ ಕೊನೆಗೆ ಆ ಹಣ ಬಿಲ್ ಖಾತೆಯಲ್ಲಿರಲಿ.

ಆಟೊಪೇ ಯಾವುದಕ್ಕೆ, ಯಾವುದಕ್ಕೆ ಬೇಡ

ಪ್ರತಿ ಸಲ ಒಂದೇ ಮೊತ್ತ ಇರುವ ಬ್ರಾಡ್‌ಬ್ಯಾಂಡ್, ಆರ್‌ಡಿ, ವಿಮೆಗೆ ಆಟೊಪೇ ಹಾಕಿ ನಿಶ್ಚಿಂತರಾಗಿ. ಕರೆಂಟ್, ನೀರಿಗೆ ಬೇಡ. ನೋಡದೆ ಕಟ್ಟಿದರೆ ತಪ್ಪು ರೀಡಿಂಗ್ ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ಅವಕ್ಕೆ ಫೋನಿನಲ್ಲಿ ರಿಮೈಂಡರ್ ಸಾಕು. ಯುಪಿಐ ಆ್ಯಪ್‌ನ ‘ಆಟೊಪೇ’ ವಿಭಾಗ ತೆರೆದರೆ ಒಪ್ಪಿಗೆ ಕೊಟ್ಟವೆಲ್ಲ ಪಟ್ಟಿಯಾಗಿ ಸಿಗುತ್ತವೆ. ಒಂದು ರೂಪಾಯಿಗೆ ಟ್ರಯಲ್ ಎಂದು ಸೇರಿಕೊಂಡ ಸಿನಿಮಾ ಆ್ಯಪ್‌ಗಳು ಅಲ್ಲೇ ಇರುತ್ತವೆ, ಅಲ್ಲೇ ರದ್ದು ಮಾಡಿ. ಆ್ಯಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಕಡಿತ ನಿಲ್ಲದು. ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಬರಲೇಬೇಕೆಂಬ ನಿಯಮವಿದೆ, ಆ ಮೆಸೇಜ್ ಓದದೆ ತಳ್ಳಬೇಡಿ.

ಕ್ಯಾಶ್‌ಬ್ಯಾಕ್ ಬಗ್ಗೆ ಇಷ್ಟೇ: ಕಟ್ಟುವ ಮೊದಲು ಕೊನೆಯ ಪರದೆಯಲ್ಲಿ ‘ಪ್ಲಾಟ್‌ಫಾರ್ಮ್ ಫೀ’ ಸೇರಿದೆಯೇ ನೋಡಿ. ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಕರೆ ಮಾಡಿ’ ಎಂಬ ಮೆಸೇಜ್ ಬಂದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಅನ್ಯಾಯದ ಶುಲ್ಕ ಕಂಡುಬಂದರೆ ಶಾಖೆಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ತಾರೀಖು, ಮೊತ್ತ ಬರೆದು ಇಮೇಲ್ ಮಾಡಿ ಅಥವಾ ಪತ್ರ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448. ದೂರಿನ ಜತೆ ಲಗತ್ತಿಸಲು ಬೇಕಾಗುವುದು ಆ ಸೀಲ್ ಬಿದ್ದ ಪತ್ರ ಮತ್ತು ನೀವು ಗೆರೆ ಎಳೆದ ಸ್ಟೇಟ್‌ಮೆಂಟ್.