ಉಬುಂಟು 26.04ಕ್ಕೆ ಕಾಯುತ್ತಿರುವವರು ಈಗಲೇ ಮಾಡಿಡಬೇಕಾದದ್ದು

ಏಪ್ರಿಲ್ ಬಂತೆಂದರೆ ಉಬುಂಟು (ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಉಚಿತ ಲಿನಕ್ಸ್ ವ್ಯವಸ್ಥೆ) ಬಳಸುವವರ ಗ್ರೂಪಿನಲ್ಲಿ ಒಂದೇ ಪ್ರಶ್ನೆ: ಹೊಸ ಆವೃತ್ತಿ ಬಿಡುಗಡೆಯಾದ ದಿನವೇ ಅಪ್‌ಗ್ರೇಡ್ ಮಾಡಬಹುದಾ? ಕೆಲಸದ ಕಂಪ್ಯೂಟರ್ ಆದರೆ ಬೇಡ. ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಮುಂದಿನ ಎಲ್‌ಟಿಎಸ್‌ಗೆ ಹೋಗುವ ಸೂಚನೆ ಬರುವುದೇ ಮೊದಲ ಪಾಯಿಂಟ್ ರಿಲೀಸ್, ಅಂದರೆ ತಿದ್ದುಪಡಿಗಳನ್ನು ಸೇರಿಸಿದ .1 ಬಂದ ಮೇಲೆ, ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ. 2024ರಲ್ಲಿ .1 ಬಂದ ಮೇಲೂ ದೋಷ ಸಿಕ್ಕಿ ಅಪ್‌ಗ್ರೇಡನ್ನು ಕೆಲಕಾಲ ತಡೆಹಿಡಿದಿದ್ದರು. 2024ರ ಎಲ್‌ಟಿಎಸ್ ಆದ 24.04ಕ್ಕೆ 2029ರವರೆಗೆ ಬೆಂಬಲ ಇದೆ, ಅವಸರವೇನಿಲ್ಲ.

ತಡೆಯಲಾಗದವರು ಲೈವ್ ಪೆನ್‌ಡ್ರೈವ್‌ನಲ್ಲಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. 8 ಜಿಬಿಯದು ಸಾಕು, ಆದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಡೌನ್‌ಲೋಡ್ ಆದ ಕಡತದ ಚೆಕ್‌ಸಮ್ (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಿಯೇ ಪೆನ್‌ಡ್ರೈವ್‌ಗೆ ಬರೆಯಿರಿ. ಅರೆಬರೆ ಇಳಿದ ಕಡತ ಬೂಟ್ ಆಗುವಾಗ ನಡುವೆಯೇ ನಿಂತುಬಿಡುತ್ತದೆ. 'ಟ್ರೈ ಉಬುಂಟು' ಒತ್ತಿ ವೈಫೈ, ಧ್ವನಿ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರವಾಗುತ್ತದೆಯೇ, ಇಷ್ಟು ನೋಡಿ. ಕನ್ನಡ ಟೈಪ್ ಮಾಡುವವರು ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಸೇರಿಸಿ 'ರಾಷ್ಟ್ರ', 'ಅರ್ಘ್ಯ' ಬರೆದು ನೋಡಿ. ಒತ್ತಕ್ಷರ ಒಡೆದರೆ ತಕ್ಷಣ ಕಾಣುತ್ತದೆ.

ಇನ್ನೊಂದು ದೊಡ್ಡ ಬದಲಾವಣೆ: 25.10ರಿಂದಲೇ ಗ್ನೋಮ್ ಡೆಸ್ಕ್‌ಟಾಪ್ ಪೂರ್ತಿ ವೇಲ್ಯಾಂಡ್ (ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆ), ಲಾಗಿನ್ ಪರದೆಯಲ್ಲಿ ಅದೇ ಕೆಲಸದ ಹಳೆಯ ಎಕ್ಸ್‌ಆರ್ಗ್ ಆಯ್ಕೆಯೇ ಇಲ್ಲ. ಹಳೆಯ ಸ್ಕ್ರೀನ್ ರೆಕಾರ್ಡರ್, ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೆ ಬಿಸಿ ತಟ್ಟುವುದು ಇಲ್ಲೇ.

ಅಪ್‌ಗ್ರೇಡ್ ವೇಳೆ ಪಿಪಿಎಗಳು (ನೀವು ಸೇರಿಸಿಕೊಂಡ ಹೊರಗಿನ ತಂತ್ರಾಂಶ ಮೂಲಗಳು) ತಾವಾಗಿ ನಿಷ್ಕ್ರಿಯವಾಗುತ್ತವೆ, ಪಟ್ಟಿ ಬರೆದಿಟ್ಟುಕೊಳ್ಳಿ. ಬೂಟ್‌ಗೆ ಪ್ರತ್ಯೇಕ ಪಾರ್ಟಿಷನ್ ಇದ್ದರೆ ಹಳೆಯ ಕರ್ನೆಲ್‌ಗಳನ್ನು (ವ್ಯವಸ್ಥೆಯ ತಿರುಳು ತಂತ್ರಾಂಶದ ಹಳೆಯ ಆವೃತ್ತಿಗಳು) ಮೊದಲು ತೆಗೆಯಿರಿ, ಜಾಗ ಸಾಲದೆ ಅಪ್‌ಗ್ರೇಡ್ ನಿಲ್ಲುವುದು ಬಹಳ ಸಲ ಅಲ್ಲೇ. ವ್ಯವಸ್ಥೆಯ ಬ್ಯಾಕಪ್ ತೆಗೆಯುವ ಟೈಮ್‌ಶಿಫ್ಟ್ ಮಾಮೂಲಾಗಿ ನಿಮ್ಮ ಸ್ವಂತ ಕಡತಗಳಿರುವ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ; ಅದನ್ನು ಬೇರೆ ಡಿಸ್ಕಿಗೆ ನಕಲು ಮಾಡಿ.